ರಾಗಿಕಲ್ಲಿನ ಎದುರು ಕೂತವಳು

ಸೊಸೆ ಅಡುಗೆಮನೆಯಲ್ಲಿ ಹರಳೆಣ್ಣೆ ಬಿಸಿಮಾಡುತ್ತಿದ್ದಾಳೆ. ನನ್ನ ತೊಡೆಗೆ ಹಚ್ಚಲು. ವಾಸನೆ ನಡುಮನೆ ದಾಟಿ ನಾನು ಕೂತ ಕುರ್ಚಿಯ ತನಕ ಬಂದಿದೆ. ಬೇರೆಯವರು ಈ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ. ನಾನಾದರೋ ಇದು ಬಡಿದ ಕೂಡಲೇ ಹದಿನೇಳರ ಹುಡುಗಿಯಾಗಿ, ಉದ್ದನಪಲ್ಲಿಯ ನಮ್ಮ ಮನೆಯಲ್ಲಿ, ಅತ್ತಿಗೆಯ ಬೆನ್ನಿನ ಮೇಲೆ ಒಂದು ಕಾಲಿಟ್ಟು ನಿಂತಿರುತ್ತೇನೆ. ಗಾಬರಿಯಾಗಬೇಡಿ, ಹೇಳುತ್ತೇನೆ.

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕಡೆ ಅಂಥವರ ಕಾಲಿಗೆ ಬಲು ಬೆಲೆ. ಸೊಂಟ ಹಿಡಿದವರು, ಬೆನ್ನು ಉಳುಕಿದವರು ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದು ಬೋರಲು ಮಲಗುತ್ತಿದ್ದರು. ನಾನು ಅಂಗಾಲಿನಿಂದ ಮೂರು ಸಲ ನೀವಬೇಕು, ಹೀಗೆ ಮೂರು ದಿನ. ಇಸ್ಕೂಲಿನಲ್ಲಿ ಒಂದು ಭಾಗಾಕಾರ ಸರಿಯಾಗಿ ಮಾಡದವಳಿಗೆ ಹುಟ್ಟಿದ್ದಕ್ಕೇ ವೈದ್ಯೆಯ ಪಟ್ಟ ಸಿಕ್ಕಿದರೆ ತಲೆ ನೆಟ್ಟಗೆ ನಿಲ್ಲುತ್ತದೆಯೇ? ನನ್ನದಂತೂ ನಿಂತಿರಲಿಲ್ಲ.

ಅತ್ತಿಗೆ, ಎಂದರೆ ನಮ್ಮಣ್ಣನ ಹೆಂಡತಿ, ಬಾಗಲೂರು ಕಡೆಯವರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಅಪ್ಪ ತೀರಿಹೋಗಿದ್ದರಿಂದ ಮನೆಯಲ್ಲಿ ಅವ್ವನದೇ ಮಾತು. ಯುದ್ಧದ ಕಾಲ, ಪೇಟೆಯಲ್ಲಿ ಅಕ್ಕಿಗೆ ಪರದಾಟ. ನಮಗೆ ಮಾತ್ರ ಹೊಲದ ರಾಗಿ ಇತ್ತು, ಅದನ್ನು ಬೀಸಲು ಕಲ್ಲಿತ್ತು. ದಿನಾ ಕೋಳಿ ಕೂಗುವ ಹೊತ್ತಿಗೆ ನಾನೂ ಅತ್ತಿಗೆಯೂ ಎದುರುಬದುರು ಕೂರುತ್ತಿದ್ದೆವು. ಗೂಟ ಒಂದೇ, ಕೈ ನಾಲ್ಕು. ಅವರು ಅರ್ಧ ಸುತ್ತು ಎಳೆದರೆ ನಾನು ಅರ್ಧ ಸುತ್ತು. ಜೊತೆಯಲ್ಲಿ ರಾಗಿ ಬೀಸಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಎದುರಿನವಳು ನಿಜವಾಗಿ ಎಳೆಯುತ್ತಿದ್ದಾಳೋ, ಸುಮ್ಮನೆ ಗೂಟ ಹಿಡಿದು ಕಲ್ಲಿನ ಹಿಂದೆ ಬರುತ್ತಿದ್ದಾಳೋ ಎಂಬುದು ನಮ್ಮ ರಟ್ಟೆಗೆ ತಿಳಿಯುತ್ತದೆ. ಪಕ್ಕದಲ್ಲಿ ನಿಂತು ನೋಡುವವರಿಗೆ ತಿಳಿಯುವುದಿಲ್ಲ.

ಮೊದಲ ಎರಡು ವರ್ಷ ಅತ್ತಿಗೆ ಎಳೆಯುವ ರಭಸಕ್ಕೆ ನನಗೆ ಕೆಲಸವೇ ಇರುತ್ತಿರಲಿಲ್ಲ. ಪದ ಹೇಳುತ್ತಾ ಬೀಸುತ್ತಿದ್ದರು. ಮೂರನೇ ವರ್ಷ ಪದ ನಿಂತಿತು, ಗಂಟಲು ಕಟ್ಟಿದವರ ಹಾಗೆ ದನಿ ಒರಟಾಯಿತು. ಆಮೇಲೆ ಕಲ್ಲು ಭಾರವಾಗತೊಡಗಿತು. ನೆಲದಿಂದ ಏಳಬೇಕಾದರೆ ಎರಡೂ ಕೈ ಊರುತ್ತಿದ್ದರು. ನೀರು ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಏರಿಸಲಾಗದೆ ಬಾವಿಯ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ತೊಡೆ ನೋವು, ತೋಳು ನೋವು, ಮೀನಖಂಡ ಹಿಡಿದುಕೊಳ್ಳುತ್ತದೆ ಎನ್ನುತ್ತಿದ್ದರು. ಅವ್ವ ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ದರು. ನಾನು ಮೂರು ಬೆಳಗ್ಗೆ ಬೆನ್ನು ನೀವಿದೆ. ನನ್ನ ಕಾಲಿಗೂ ಬಗ್ಗದ ನೋವು ಎಂದರೆ ಅದು ನೋವೇ ಅಲ್ಲ ಎಂದು ನನ್ನ ತೀರ್ಮಾನ.

ನೋಡುವವರಿಗೆ ಅತ್ತಿಗೆ ರೋಗಿಯ ಹಾಗೆ ಕಾಣುತ್ತಲೂ ಇರಲಿಲ್ಲ. ಮುಖ ತುಂಬಿಕೊಂಡಿತ್ತು, ಮೈ ಬಂದಿತ್ತು. ಸುಡುಬಿಸಿಲಿನಲ್ಲೂ ಕಂಬಳಿ ಹೊದ್ದು ಜಗಲಿಯಲ್ಲಿ ಕೂರುತ್ತಿದ್ದರು. ಮಕ್ಕಳೂ ಆಗಿರಲಿಲ್ಲ.

"ಮೈ ಬಂದೈತೆ, ಕೆಲ್ಸಕ್ಕೆ ಮಾತ್ರ ಕೈ ಏಳಲ್ಲ," ಎಂದು ಅವ್ವ ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದರು. "ನಿಜ ಹೇಳಮ್ಮಿ. ಅವ್ಳು ಕಲ್ಲು ಎಳೀತಾಳೋ, ಗೂಟ ಹಿಡ್ಕೊಂಡು ಕೂತಿರ್ತಾಳೋ?"

"ಹಿಡ್ಕೊಂಡಿರ್ತಾರೆ ಅಷ್ಟೇ. ಎಳೆಯೋಳು ನಾನೊಬ್ಳೇ," ಎಂದೆ.

ಸುಳ್ಳಲ್ಲ. ಆದರೆ ಹೇಳುವಾಗ ನನ್ನೊಳಗೆ ಒಂದು ಸಣ್ಣ ಖುಷಿ ಇತ್ತು. ಅದನ್ನು ಇವತ್ತಿಗೂ ನಾನು ಮರೆತಿಲ್ಲ.

ಅವ್ವ ಅನುಮಾನದಲ್ಲಿದ್ದರು; ನನ್ನ ಮಾತಿನಿಂದ ಅದು ತೀರ್ಪಾಯಿತು. ಸೊಸೆಯನ್ನು ತವರಿಗೆ ಬಿಟ್ಟುಬರುವುದು, ಕೆಳಮಂಗಲದಲ್ಲಿ ಯಾರೋ ಹೇಳಿದ್ದ ಹುಡುಗಿಯನ್ನು ಅಣ್ಣನಿಗೆ ತರುವುದು. ಅಣ್ಣ ಯಾವುದಕ್ಕೂ "ಆಗ್ಲಿ" ಎನ್ನುವ ಮನುಷ್ಯ. ಇದಕ್ಕೂ ನೆಲ ನೋಡಿಕೊಂಡು "ಆಗ್ಲಿ" ಎಂದ.

ಬಟ್ಟೆ ಗಂಟು ಕಟ್ಟುವಾಗ ಅತ್ತಿಗೆ ನನ್ನನ್ನು ಕೇಳಿದರು. "ನಾನು ಕಲ್ಲು ಎಳೆಯಲ್ಲ ಅಂತ ಅತ್ತೆಗೆ ಯಾರು ಹೇಳುದ್ರು ಅಮ್ಮಣ್ಣಿ?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿದ್ದ ಅವ್ವ ಅಂದರು, "ಯಾರು ಹೇಳ್ಬೇಕು? ಕಲ್ಲಿನ ಸದ್ದು ಕೇಳಿದ್ರೆ ತಿಳಿಯಲ್ವಾ? ನಾನೇ ಕಂಡ್ಕೊಂಡೆ."

ನಾನು ಸುಮ್ಮನಿದ್ದೆ. ಇನ್ನೂ ಮದುವೆಯಾಗದ ಮಗಳ ಮೇಲೆ ಮನೆ ಮುರಿದ ಮಾತು ಬರದಿರಲಿ ಎಂದು ಅವ್ವ ಅದನ್ನು ತಮ್ಮ ತಲೆಗೆ ಹಾಕಿಕೊಂಡರು. ನನಗೆ ಅದು ಅನುಕೂಲವಾಗಿತ್ತು.

ಬಾಗಲೂರಿಗೆ ಹೊಸೂರಿನ ಮೇಲೆ ಹೋಗಬೇಕು. ಬಿಟ್ಟುಬರಲು ಹೊರಟ ಅಣ್ಣನ ಜೊತೆ, ಹೆಂಗಸೊಬ್ಬಳು ಇರಲಿ ಎಂದು ನನ್ನನ್ನೂ ಕಳಿಸಿದರು. ಪೆಟ್ರೋಲಿಗೆ ಅಭಾವವಾಗಿ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದ ದಿನಗಳು ಅವು. ಹಿಂಬದಿಯಲ್ಲಿ ಒಲೆ, ಬಸ್ಸಿನ ತುಂಬ ಹೊಗೆ. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ಗಂಡಸರು ತಳ್ಳಿದರು, ಹೆಂಗಸರು ಹಿಂದೆ ನಡೆದರು. ಅತ್ತಿಗೆಗೆ ಆ ದಿಣ್ಣೆ ಹತ್ತಲು ಆಗಲಿಲ್ಲ. ನಾಲ್ಕು ಕಡೆ ನಿಂತು, ನನ್ನ ಹೆಗಲು ಹಿಡಿದು ಬಂದರು. ಕೈ ತಣ್ಣಗೆ ಕೊರೆಯುತ್ತಿತ್ತು.

ಹೊಸೂರಿನಲ್ಲಿ ಬಸ್ಸಿನಿಂದ ಇಳಿಯುವಾಗ ಅವರ ತೊಡೆ ಮೈಭಾರ ತಡೆಯಲಿಲ್ಲ. ಮೆಟ್ಟಿಲಿನಿಂದ ಹಾಗೇ ಕುಸಿದು ಬಿದ್ದರು. ಅಂಗೈ ತರಚಿತು, ಮೊಣಕಾಲಿನಿಂದ ರಕ್ತ. ಪಟ್ಟಿ ಕಟ್ಟಿಸಲು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವಯಸ್ಸಾದ ಡಾಕ್ಟರು, ತಮಿಳಿನವರು, ಕನ್ನಡ ಮಾತಾಡುತ್ತಿದ್ದರು. ಹೇಗೆ ಬಿದ್ದೆ ಎಂದು ಕೇಳಿದರು.

"ಕಾಲು ನಿಲ್ಲಲಿಲ್ಲ ಸ್ವಾಮಿ," ಎಂದರು ಅತ್ತಿಗೆ.

ಆ ದನಿ ಕೇಳಿ ಡಾಕ್ಟರು ಗಾಯ ಬಿಟ್ಟು ಮುಖ ನೋಡಿದರು. ಚಳಿಯಾಗುತ್ತದಾ, ಕೂದಲು ಉದುರುತ್ತದಾ, ಎಂದಿನಿಂದ ಹೀಗೆ ಎಂದೆಲ್ಲ ವಿಚಾರಿಸಿದರು. ಆಮೇಲೆ ಅತ್ತಿಗೆಯನ್ನು ಸ್ಟೂಲಿನ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲಿನ ನರಕ್ಕೆ ಪುಟ್ಟ ರಬ್ಬರು ಸುತ್ತಿಗೆಯಿಂದ ತಟ್ಟಿದರು. ಪಾದ ಜಗ್ಗನೆ ಎದ್ದಿತು. ಆದರೆ ಮೊದಲಿದ್ದ ಜಾಗಕ್ಕೆ ಮೆಲ್ಲಮೆಲ್ಲಗೆ, ಮನಸ್ಸಿಲ್ಲದವರ ಹಾಗೆ ಬಂತು. ನನ್ನನ್ನೂ ಮಂಡಿಯೂರಿಸಿ ತಟ್ಟಿದರು. ನನ್ನ ಪಾದ ಎದ್ದಷ್ಟೇ ಬೇಗ ಬಿತ್ತು.

"ಇವಳನ್ನ ಎಲ್ಲಿಗಪ್ಪಾ ಕರ್ಕೊಂಡು ಹೋಗ್ತಾ ಇದೀಯ?" ಎಂದು ಅಣ್ಣನನ್ನು ಕೇಳಿದರು.

"ತವರಿಗೆ ಬುಡಕ್ಕೆ ಸ್ವಾಮಿ. ಕೆಲ್ಸ ಮಾಡಲ್ಲ ಅಂತ."

"ಪಾರಪ್ಪಾ, ಇಲ್ಲಿ ನೋಡು, ಮಾಡಲ್ಲ ಅಲ್ಲ. ಮಾಡಕ್ಕಾಗಲ್ಲ. ಕುತ್ತಿಗೆಯಲ್ಲಿ ಒಂದು ಗ್ರಂಥಿ ಇದೆ, ಅದು ಸೊರಗಿಬಿಟ್ಟಿದೆ. ಅದಕ್ಕೇ ಚಳಿ, ಅದಕ್ಕೇ ಮುಖ ಊತ, ಮಾಂಸದಲ್ಲಿ ನೋವು, ಬಲ ಇಲ್ಲ. ಮೈಕೈ ನೋವು ಅಂದೋರಿಗೆಲ್ಲ ಇದೇ ಅಂತಲ್ಲ. ಇವಳಿಗೆ ಇದೇ. ಮಾತ್ರೆ ಕೊಟ್ರೆ ಸರಿಹೋಗುತ್ತೆ."

ಅಣ್ಣ ಬಟ್ಟೆಗಂಟು ಎತ್ತಿಕೊಂಡು, "ಊರಿಗೆ ಹೋಗಾನ ನಡಿ," ಎಂದು ಅತ್ತಿಗೆಗೆ ಹೇಳಿದ. ಅವನು "ಆಗ್ಲಿ" ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿದ್ದು ಅಪರೂಪ. ಅತ್ತಿಗೆ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತರು. ನಾನು ನನ್ನ ಪಾದ ನೋಡಿಕೊಳ್ಳುತ್ತಾ ನಿಂತಿದ್ದೆ. ಆ ದಿನದಿಂದ ನಾನು ಯಾರ ಬೆನ್ನನ್ನೂ ನೀವಲಿಲ್ಲ.

ಮಾತ್ರೆ ಬೆಂಗಳೂರಿನಿಂದ ಬರಬೇಕಿತ್ತು, ಅಣ್ಣನೇ ಹೋಗಿ ತಂದ. ಕುರಿಯ ಕುತ್ತಿಗೆಯಲ್ಲಿರುವ ಅದೇ ಗ್ರಂಥಿಯನ್ನು ಒಣಗಿಸಿ ಮಾಡಿದ್ದು ಎಂದು ಡಾಕ್ಟರು ಹೇಳಿದ್ದನ್ನು ನಾನು ಅವ್ವನಿಗೆ ತಿಳಿಸಿದೆ. ಅವ್ವ ಸಂತೆಯ ದಿನ ಕುರಿ ಕಡಿಯುವವನಿಗೆ, ಕುತ್ತಿಗೆ ಭಾಗವನ್ನು ಯಾರಿಗೂ ಕೊಡದೆ ನಮಗೇ ಇಡಬೇಕೆಂದು ಹೇಳಿಬಂದರು. ಎರಡು ತಿಂಗಳು ವಾರವಾರವೂ ಕುರಿ ಕುತ್ತಿಗೆಯ ಸಾರು. ಅತ್ತಿಗೆಯ ತಟ್ಟೆಗೆ ಮೊದಲು, ಎಲ್ಲರಿಗಿಂತ ಹೆಚ್ಚು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲು ಅವ್ವನಿಗೆ ಬರುತ್ತಿರಲಿಲ್ಲ. ಡಾಕ್ಟರಿಗೆ ವಿಷಯ ಗೊತ್ತಾಗಿ, ಸಾರಿನಿಂದ ಕಾಯಿಲೆ ಹೋಗುವುದಿಲ್ಲ, ಮಾತ್ರೆ ತಪ್ಪಿಸಬೇಡಿ ಎಂದು ನಕ್ಕರಂತೆ.

ಬೇಸಿಗೆ ಬರುವ ಹೊತ್ತಿಗೆ ಅತ್ತಿಗೆ ಬೆವರತೊಡಗಿದರು. ನಮ್ಮ ಮನೆಯಲ್ಲಿ ಬೆವರಿಗೆ ಅಷ್ಟು ಸಂತೋಷ ಪಟ್ಟದ್ದು ಅದೊಂದೇ ಸಲ. ಒಂದು ಬೆಳಗ್ಗೆ ಬೀಸುತ್ತಿದ್ದಾಗ ಕಲ್ಲು ಹಗುರಾಯಿತು. ನಾನು ಎಳೆಯುವುದನ್ನು ನಿಲ್ಲಿಸಿ ಗೂಟ ಹಿಡಿದಷ್ಟೇ ಕೂತೆ, ಕಲ್ಲು ತಿರುಗುತ್ತಲೇ ಇತ್ತು. ಆಮೇಲೆ ಅವರಿಗೆ ಮೂರು ಮಕ್ಕಳಾದವು. ನಾನು ಮದುವೆಯಾಗಿ ಹೊಸೂರಿಗೆ ಬಂದೆ. ಅವ್ವ ತೀರಿಕೊಂಡರು. ಹೇಳಬೇಕಾದ ಮಾತು ನನ್ನಲ್ಲೇ ಉಳಿಯಿತು.

ಈಗ ಹೊಸೂರಿನ ಆಲಸನತ್ತದ ಈ ಮನೆಯ ಏಳು ಮೆಟ್ಟಿಲು ಹತ್ತಲು ನಾನು ಎರಡು ಕಡೆ ನಿಲ್ಲುತ್ತೇನೆ. ವಯಸ್ಸು ಎಂದುಕೊಂಡಿದ್ದೆ. ಹೋದ ವಾರ ರಕ್ತ ಪರೀಕ್ಷೆ ಮಾಡಿಸಿದರೆ, ಅತ್ತಿಗೆಯ ಕಾಯಿಲೆಯೇ ನನಗೂ. ಮಾತ್ರೆ ಶುರುವಾಗಿದೆ, ನೋವಿಗೆ ಎಣ್ಣೆಯೂ ಇರಲಿ ಎಂದು ಸೊಸೆಯ ಹಟ. ಆ ಭಾರ ಎಂಥದ್ದೆಂದು ನನ್ನ ತೊಡೆಗೇ ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಿನ್ನೆ ಉದ್ದನಪಲ್ಲಿಗೆ ಹೋಗಿದ್ದೆ.

ಅತ್ತಿಗೆ ಮೊಮ್ಮಕ್ಕಳ ನಡುವೆ ಕೂತು ಅವರೇಕಾಯಿ ಸುಲಿಯುತ್ತಿದ್ದರು. ಮಕ್ಕಳು ಆಟಕ್ಕೆ ಹೋಗುವ ತನಕ ಕಾದು, ಹೇಳಿದೆ. "ಅವತ್ತು ಅವ್ವ ಸದ್ದು ಕೇಳಿ ಕಂಡ್ಕೊಂಡಿದ್ದಲ್ಲ ಅತ್ತಿಗೆ. ಹೇಳಿದ್ದು ನಾನು."

ಅವರ ಕೈ ನಿಲ್ಲಲಿಲ್ಲ.

"ಗೊತ್ತು ಕಣಮ್ಮಿ. ಕಲ್ಲಿನ ಮುಂದೆ ಕೂತಿದ್ದೋರು ನಾವಿಬ್ರೇ ಅಲ್ವಾ?"

ಬಟ್ಟೆಗಂಟು ಕಟ್ಟುವಾಗಲೇ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಆ ದಿಣ್ಣೆಯಲ್ಲಿ ನನ್ನ ಹೆಗಲು ಹಿಡಿದಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಅತ್ತಿಗೆ ಸಮಾಧಾನ ಮಾಡಲು ಬರಲಿಲ್ಲ, ಮೊರದಲ್ಲಿದ್ದ ಅವರೇಕಾಯಿಯಲ್ಲಿ ಅರ್ಧವನ್ನು ನನ್ನ ಮುಂದಕ್ಕೆ ಸರಿಸಿದರು.

"ಸುಲಿ," ಎಂದರು. "ಕೈ ನೋಯುದ್ರೆ ಬುಟ್ಬುಡು, ನಾನಿದೀನಿ."