ನಾವು ಆರಿಸಿದ ತಂಡ

ಎಪ್ಪತ್ತರ ದಶಕದ ರಾಜಾಜಿನಗರದಲ್ಲಿ ಫುಟ್‌ಬಾಲ್ ಆಡುತ್ತಿದ್ದವರಿಗಿಂತ ಆಡಿಸಲು ಬಲ್ಲವರೇ ಹೆಚ್ಚು. ನಮ್ಮ ಬಡಾವಣೆಯ ಕಾರ್ಖಾನೆಗೊಂದು ತಂಡವಿತ್ತು, ತಂಡಕ್ಕೆ ಮಿಲಿಟರಿಯಿಂದ ನಿವೃತ್ತರಾದ ಮ್ಯಾನೇಜರಿದ್ದರು. ಆಟಗಾರರನ್ನು ಆರಿಸುವುದು ಅವರ ಕೆಲಸ, ಅವರಿಗೆ ಬುದ್ಧಿಯಿಲ್ಲ ಎನ್ನುವುದು ನಮ್ಮ ಕೆಲಸ. ಗೇಟಿನೆದುರಿನ ಹೋಟೆಲಿನಲ್ಲಿ ಬೈ ಟು ಕಾಫಿ ಹಿಡಿದು ಗಂಟೆಗಟ್ಟಲೆ ಆ ಕೆಲಸ ಮಾಡುತ್ತಿದ್ದೆವು. ನಮ್ಮಲ್ಲೊಬ್ಬ ಅಂಚೆ ಗುಮಾಸ್ತ, ಜನ್ಮದಲ್ಲಿ ಚೆಂಡು ಒದ್ದವನಲ್ಲ. ಪೆನಾಲ್ಟಿ ಹೇಗೆ ಹೊಡೆಯಬೇಕೆಂದು ಲೋಟ ಸರಿಸಿ ಸರಿಸಿ ತೋರಿಸುತ್ತಿದ್ದ.

ನಮ್ಮ ಬಾಯಿಗೆ ಹೆಚ್ಚು ಸಿಕ್ಕುತ್ತಿದ್ದವನು ಹಿಂದೆ ನಿಂತು ಗೋಲು ತಡೆಯುವ ಬ್ಯಾಕ್, ನನ್ನ ಸ್ವಂತ ಅಣ್ಣ. ವಯಸ್ಸು ಮೂವತ್ತಮೂರು ದಾಟಿತ್ತು, ಓಟ ತಗ್ಗಿತ್ತು. ಒಂದೇ ಒಂದು ಫೈನಲ್ ಆಡಿ ಆಟ ಬಿಡಬೇಕೆಂಬುದು ಅವನ ಆಸೆ. “ಆ ಮುದುಕನ್ನ ಯಾಕೆ ಹಾಕ್ತಾರೋ” ಎಂದು ಉಳಿದವರು ಅಂದರೆ ನಾನು ಇನ್ನೂ ಜೋರಾಗಿ ಅನ್ನುತ್ತಿದ್ದೆ. ಅಣ್ಣನ ಪರ ಎನಿಸಿಕೊಳ್ಳಬಾರದಲ್ಲ, ಅಂಥ ನ್ಯಾಯವಂತ ನಾನು.

ಆ ವರ್ಷ ತಂಡ ಫೈನಲ್ ಮುಟ್ಟಿತು. ಗೆದ್ದರೂ ನಮಗೆ ಸಮಾಧಾನವಿಲ್ಲ. ಮ್ಯಾನೇಜರಿಗೆ ಆಟ ಗೊತ್ತಿಲ್ಲವೆಂದು ಕಾರ್ಖಾನೆಯ ಸಾಹೇಬರಿಗೆ ಅರ್ಜಿ ಬರೆದು ಎಲ್ಲರೂ ರುಜು ಹಾಕಿದೆವು. ಎರಡು ದಿನ ಬಿಟ್ಟು ಮ್ಯಾನೇಜರೇ ಹೋಟೆಲಿಗೆ ಬಂದರು.

“ನಿಮ್ಮ ಮಾತು ಕೇಳ್ಬೇಕಂತೆ, ಸಾಹೇಬ್ರು ಹೇಳಿದಾರೆ. ಹನ್ನೊಂದು ಹೆಸರು ಬರ್ಕೊಡಿ, ಅದನ್ನೇ ಹಾಕ್ತೀನಿ” ಎಂದು ಪಕ್ಕದ ಮೇಜಿನಲ್ಲಿ ಕೂತರು.

ಪಂಡಿತರೆಲ್ಲ ಬೆವೆತರು. ನಮ್ಮಲ್ಲಿದ್ದ ಕುರುಬರಹಳ್ಳಿಯವನಿಗೆ ಕುರುಬರಹಳ್ಳಿ ಹುಡುಗನೇ ಬೇಕು, ಗುಮಾಸ್ತನಿಗೆ ತನ್ನ ಮನೆ ಬಾಡಿಗೆದಾರನ ಮಗ. ಹೇಗೋ ಹತ್ತು ಹೆಸರು ಕೂಡಿದವು. ಎಲ್ಲರೂ ಜಗಳವಿಲ್ಲದೆ ಒಪ್ಪಿದ್ದು ಒಂದೇ, ನನ್ನ ಅಣ್ಣ ಬೇಡ. ಪೆನ್ನು ನನ್ನ ಕೈಯಲ್ಲಿತ್ತು.

“ಅಣ್ಣ ಅಂತ ಸಂಕೋಚ ಬೇಡ ಗುರು” ಎಂದ ಗುಮಾಸ್ತ.

“ಸಂಕೋಚ ಎಂಥದು” ಎಂದು ಅಣ್ಣನ ಜಾಗಕ್ಕೆ ಅವನ ಬಾಡಿಗೆದಾರನ ಮಗನ ಹೆಸರು ಬರೆದೆ. ಮ್ಯಾನೇಜರು ಚೀಟಿ ಓದಿ ನನ್ನನ್ನೊಮ್ಮೆ ನೋಡಿದರು. ಯಾವಾಗಲೂ ಟೈಪ್ ಆಗಿ ಬರುತ್ತಿದ್ದ ಪಟ್ಟಿಯ ಬದಲು, ಮರುದಿನ ಗೇಟಿನ ಬೋರ್ಡಿಗೆ ನನ್ನ ಚೀಟಿಯನ್ನೇ ಅಂಟಿಸಿದ್ದರು. ಅಣ್ಣ ಶಿಫ್ಟಿಗೆ ಹೋಗುವ ದಾರಿ ಅದೇ. ನನ್ನ ಕೈಬರಹ ಅವನಿಗೆ ಗೊತ್ತಿಲ್ಲದ್ದೇನಲ್ಲ, ಅಕ್ಷರ ತಿದ್ದಿಸಿದವನೇ ಅವನು.

ಫೈನಲ್‌ನಲ್ಲಿ ನಾಲ್ಕು ಗೋಲು ತಿಂದು ಸೋತೆವು, ಮೂರು ಅಣ್ಣ ನಿಲ್ಲುತ್ತಿದ್ದ ಜಾಗದಿಂದಲೇ. ಹೋಟೆಲಿಗೆ ವಾಪಸು ಬಂದು ಕೂತ ಮೇಲೆ ಗುಮಾಸ್ತ ಲೋಟ ಕುಕ್ಕಿದ. “ಯಾರೋ ನಾಲ್ಕು ಜನ ಹೇಳಿದ್ರು ಅಂತ ಕೇಳ್ಬಿಡೋದಾ? ಮ್ಯಾನೇಜರ್ ಅಂದ್ಮೇಲೆ ಸ್ವಂತ ಬುದ್ಧಿ ಬೇಡ್ವಾ?” ಎಲ್ಲರೂ ಹೌದೆಂದರು. ನಾನೂ ತಲೆಯಾಡಿಸಿದೆ. ನಮಗಿಂತ ನಾಚಿಕೆಗೆಟ್ಟವರನ್ನು ನಾನು ಆಮೇಲೆ ಕಂಡಿಲ್ಲ.

ರಾತ್ರಿ ಮನೆಯಲ್ಲಿ ಅಮ್ಮ ಊಟಕ್ಕೆ ಬಡಿಸುತ್ತ ಅಣ್ಣನನ್ನು ಕೇಳಿದಳು, “ಯಾಕೋ ನಿನ್ನ ಆಡಿಸ್ಲಿಲ್ಲ? ಆ ಮ್ಯಾನೇಜರ್‌ಗೆ ಬುದ್ಧಿ ಇಲ್ವಾ?”

“ಅವರನ್ನ ಅನ್ಬೇಡಮ್ಮ. ಮಂಡಿ ನೋಯ್ತಿತ್ತು, ನಾನೇ ಬೇಡ ಅಂದೆ” ಎಂದ, ನನ್ನ ಕಡೆ ನೋಡದೆ.

ಅವನು ಮತ್ತೆ ಆಡಲಿಲ್ಲ. ಮಂಡಿ ನೋವು ಸುಳ್ಳೆಂದು ಆ ಹೊತ್ತಿನಲ್ಲಿ ನನಗೆ ಗೊತ್ತಿತ್ತು. ಅನ್ನ ಕಲಸಿಕೊಂಡು ತಿಂದೆ.