ಸಮುದ್ರಕ್ಕೆ ಕೈ ಹಾಕಿದ ಅಡುಗೆಯಕ್ಕ

ನಾನು ಓದಿದ್ದು ಮಠದ ಉಚಿತ ಹಾಸ್ಟೆಲ್ಲಿನಲ್ಲಿ, ಪ್ರಸಾದನಿಲಯದಲ್ಲಿ. ಬೆಳಗಿನ ನಾಲ್ಕೂವರೆಗೆ ಏಳುವ ಗಂಟೆ, ಐದಕ್ಕೆ ಜಳಕ. ಬಕೆಟ್ಟಿಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು, ಆಮೇಲೆ ಕೈಯಿಂದ ಮೂರು ಸುತ್ತು ಕಲಕಬೇಕು. ಎಪ್ಪತ್ತು ದಾಟಿದರೂ ಈ ಕ್ರಮ ಬಿಟ್ಟಿರಲಿಲ್ಲ. ಕಳೆದ ವರ್ಷ ಒಂದೇ ಒಂದು ಬೆಳಗ್ಗೆ ತಪ್ಪಿತು.

ಅವತ್ತು ಹರಪನಹಳ್ಳಿಯ ಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ಸಮುದ್ರ ಬಿಸಿಯಾಗುತ್ತಿರುವ ಬಗ್ಗೆ ಪಾಠ ಹೇಳಬೇಕಿತ್ತು. ನಿವೃತ್ತ ವಿಜ್ಞಾನ ಮೇಷ್ಟ್ರು ಎಂದು ಕರೆದಿದ್ದರು. ಆ ಮಕ್ಕಳಲ್ಲಿ ಸಮುದ್ರ ಕಂಡವರು ಯಾರೂ ಇಲ್ಲ. ಹಿಂದಿನ ಸಲ ನನ್ನ ಪಾಠಕ್ಕೆ ಮೂರನೇ ಸಾಲು ಪೂರ್ತಿ ನಿದ್ದೆ ಹೋಗಿತ್ತು. ಈ ಸಲವೂ ಹಾಗಾದರೆ ಇನ್ನು ಸೀಮೆಸುಣ್ಣ ಮುಟ್ಟುವುದಿಲ್ಲ ಎಂದು ಹೆಂಡತಿಯ ಮುಂದೆ ಶಪಥ ಮಾಡಿದ್ದೆ. ಅದೇ ಯೋಚನೆಯಲ್ಲಿ ಕಲಕುವುದನ್ನು ಮರೆತು ಚೊಂಬು ಸುರಿದುಕೊಂಡೆ. ಬೆನ್ನು ಚುರ್ರೆಂದಿತು. ಬಕೆಟ್ಟಿನ ತಳಕ್ಕೆ ಕೈ ಇಳಿಸಿದರೆ ಕೊರೆಯುವ ತಣ್ಣೀರು! ಮೇಲೆ ಬಿಸಿ, ಕೆಳಗೆ ತಂಪು, ಎರಡಕ್ಕೂ ಮಾತುಕತೆ ಇಲ್ಲ. ಕಾದ ಸಮುದ್ರದಲ್ಲೂ ಹೀಗೇ ಅಲ್ಲವೇ?

“ಸಮುದ್ರ ಇಲ್ಲೇ ಐತಿ!” ಎಂದು ಟವೆಲ್ಲಿನಲ್ಲೇ ಹೊರಗೋಡಿ ಬಂದೆ.

“ಇರ್ಲಿ ಬಿಡ್ರಿ, ಮೊದ್ಲು ಪಂಚೆ ಉಟ್ಕೊಳ್ರಿ,” ಎಂದಳು ಹೆಂಡತಿ.

ಶಾಲೆಯಲ್ಲಿ ಗಾಜಿನ ತೊಟ್ಟಿಗೆ ನೀಲಿ ಶಾಯಿ ಬೆರೆಸಿದ ತಣ್ಣೀರು ತುಂಬಿದೆ. ಬಿಸಿಯೂಟದ ಅಡುಗೆಯಕ್ಕ ತಂದ ಬಿಸಿನೀರಿಗೆ ಕೆಂಪು ಶಾಯಿ ಹಾಕಿ, ಸೌಟಿನ ಮೇಲಿಂದ ಮೆಲ್ಲಗೆ ಬಿಟ್ಟೆ. ಕೆಂಪು ಮೇಲೆ ನಿಂತಿತು, ನೀಲಿ ಕೆಳಗೆ. ಮೂರನೇ ಸಾಲು ಎದ್ದು ನಿಂತು ಕತ್ತು ಚಾಚಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಯಕ್ಕ ಮೊಣಕೈವರೆಗೂ ಕೈ ಮುಳುಗಿಸಿ ಗರಗರ ಕಲಕಿಬಿಟ್ಟಳು.

“ಏನ್ ಮಾಡಿದಿ ಯವ್ವಾ!”

“ಕಲಕದ ಹಂಗ ಬಿಟ್ರ ಮೈ ಸುಡತೈತಲ್ರಿ ಸರ! ಈಗ ನೋಡ್ರಿ, ಹದ ಆತು. ಯಾರು ಜಳಕಾ ಮಾಡೋರು?”

ತೊಟ್ಟಿಗೆ ನೇರಳೆಹಣ್ಣಿನ ಬಣ್ಣ, ಅವಳ ಕೈಗೂ. ತರಗತಿ ಬಿದ್ದು ಬಿದ್ದು ನಕ್ಕಿತು. ನನಗೂ ತಡೆಯಲಾಗಲಿಲ್ಲ. ಪಾಠ ಕೆಟ್ಟಿತು ಎಂದುಕೊಳ್ಳುವಾಗಲೇ ಮೂರನೇ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ಸರ, ಸಮುದ್ರದಾಗ ಯಾರು ಕಲಕ್ತಾರ್ರಿ?”

ಗಾಳಿ ಕಲಕುತ್ತದೆ ಎಂದೆ. ಧ್ರುವಗಳ ಕಡೆ ತಣ್ಣಗಾಗಿ ಭಾರವಾದ ಉಪ್ಪುನೀರು ತಳಕ್ಕಿಳಿದು ನಿಧಾನವಾಗಿ ಲೋಕ ಸುತ್ತುತ್ತದೆ. ಭೂಮಿ ಬಿಸಿಯಾದಂತೆ ಮೇಲಿನ ನೀರು ಕಾದು ಹಗುರಾಗುತ್ತದೆ, ಕಲಕುವುದು ಕಷ್ಟವಾಗುತ್ತದೆ. ಹಿಮ ಕರಗಿದ ಸಿಹಿನೀರು ಸೇರಿದರೆ ತಳಕ್ಕಿಳಿಯುವುದೂ ಕಡಿಮೆ. ಮೇಲಿನ ಮೀನಿಗೆ ಸೆಕೆ, ಗಾಳಿ ತಳಕ್ಕಿಳಿಯದೆ ಕೆಳಗಿನ ಮೀನಿಗೆ ಉಸಿರು ಸಾಲದು.

“ಹಂಗಾದ್ರ ಕಲಕಾಕ ನಮ್ಮಕ್ಕನ್ನ ಕಳಸ್ರಿ ಸರ!” ಎಂದು ಅದೇ ಹುಡುಗಿ ಅಡುಗೆಯಕ್ಕನತ್ತ ಕೈ ತೋರಿಸಿದಳು.

“ನಾ ಒಲ್ಲೆವ್ವಾ, ಎಸರು ಇಟ್ಟು ಬಂದೀನಿ,” ಎಂದು ಅಡುಗೆಯಕ್ಕ ನೇರಳೆ ಕೈ ಬೀಸುತ್ತ ಓಡಿದಳು.

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಜೀವಮಾನವೆಲ್ಲ ಗಂಟೆಗೆ ಎದ್ದವನು ನಾನು, ಅವತ್ತು ಕೇಳಿಸದವನಂತೆ ಇನ್ನೊಂದು ತೊಟ್ಟಿ ತಣ್ಣೀರು ತರಿಸಿದೆ.