ನಲವತ್ತು ಮೊಳ, ನಾಲ್ಕು ಬೆರಳು ಕೊಸರು

ಬೆಳಗಿನ ಐದೂಮುಕ್ಕಾಲು. ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳು ಇನ್ನೂ ಷಟರ್ ಎತ್ತಿಲ್ಲ. ಅವುಗಳ ಮೆಟ್ಟಿಲ ಮೇಲೆ ಏಳು ಹೂವಿನ ಬುಟ್ಟಿಗಳು ಸಾಲಾಗಿ ಕೂತಿವೆ. ಎಂಟನೆಯ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಕಾಳಮ್ಮ ನಿಂತೇ ಇದ್ದಾರೆ. ಮೂವತ್ತೊಂದು ವರ್ಷದಿಂದ ಅವರು ಕೂರುವ ಜಾಗಕ್ಕೆ ಪಕ್ಕದ ಸಂಧ್ಯಾ ಬಂದು ಕೂತಿದ್ದಾಳೆ.

"ಏಳೇ ಮಾರಾಯ್ತಿ."

"ನೀವು ಕಂಪನಿ ಸೇರಿದ್ರಲ್ಲ ಕಾಳಕ್ಕ? ಇವತ್ತಿಗೆ ಮೂರನೇ ದಿನ."

"ಮೂರನೇ ದಿನ ನಾನು ಬಂದು ನಿಂತಿದ್ದೀನಲ್ಲ, ಕಣ್ಣು ಕಾಣಲ್ವಾ?"

ಈ ಸಾಲಿಗೊಂದು ಕಟ್ಟಳೆ ಇದೆ. ಮೂರು ದಿನ ಜಾಗ ಖಾಲಿ ಬಿಟ್ಟರೆ ಅದು ಪಕ್ಕದವರದು. ಆದರೆ ಮೂರನೆಯ ದಿನ ಬೆಳಿಗ್ಗೆಯೇ ಬಂದು ನಿಂತರೆ ಏನು ಗತಿ ಎಂದು ಯಾರೂ ಹೇಳಿಟ್ಟಿಲ್ಲ. ಉಳಿದ ಆರು ಜನ ತಲೆ ಬಗ್ಗಿಸಿ ಹೂ ಕಟ್ಟುತ್ತಿದ್ದಾರೆ. ಪೇಪರಿಗೆ ಬರೆಯುವ ನಾನು ನೋಟ್‌ಬುಕ್ ಹಿಡಿದು ಪೆದ್ದನ ಹಾಗೆ ನಿಂತಿದ್ದೇನೆ.

ನಿಜ ಹೇಳಬೇಕೆಂದರೆ ನಾನು ಬಂದದ್ದು ಕಾಳಮ್ಮನನ್ನು ಹುಡುಕಿಕೊಂಡಲ್ಲ, ಒಂದು ಜಗಳ ಗೆಲ್ಲುವುದಕ್ಕೆ. ರವೀಂದ್ರನಗರದಲ್ಲಿರುವ ನನ್ನ ಅಕ್ಕನ ಮಗಳು ಮಧುಶ್ರೀ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಾಳೆ. ಭಾನುವಾರ ಊಟಕ್ಕೆ ಕೂತಾಗ, "ಮಾಮ, ಬಂಡವಾಳಶಾಹಿಯ ಆದರ್ಶ ಅಂದ್ರೆ ಅಳತೆ ಎಲ್ಲರಿಗೂ ಒಂದೇ, ಬೆಲೆ ಎಲ್ಲರಿಗೂ ಗೊತ್ತು, ಯಾರು ಬೇಕಾದ್ರೂ ಬಂದು ಮಾರಬಹುದು, ಬೆಲೆ ಯಾರೊಬ್ಬರ ಕೈಲೂ ಇರಬಾರದು. ಹಳೇ ಕಾಲಕ್ಕಿಂತ ಈಗ ನಾವು ಅದಕ್ಕೆ ಹತ್ತಿರ ಇದ್ದೀವಿ" ಎಂದಳು. ನನಗೆ ರೇಗಿತು. ನಿಜವಾದ ಮಾರುಕಟ್ಟೆ ನೋಡಬೇಕಾದರೆ ಗಾಂಧಿ ಬಜಾರಿನ ಹೂವಿನ ಸಾಲಿಗೆ ಹೋಗು ಎಂದು ಬಾಯಿ ಬಿಟ್ಟುಬಿಟ್ಟೆ.

ಬಂದು ನೋಡಿದರೆ ಇಲ್ಲಿ ಸ್ಪರ್ಧೆಯೇ ಇಲ್ಲ! ಇವತ್ತು ಮೊಳಕ್ಕೆ ಮೂವತ್ತು ಎಂದರೆ ಎಂಟೂ ಬುಟ್ಟಿಯಲ್ಲಿ ಮೂವತ್ತೇ. ಇಳಿಸಿ ಮಾರುವಂತಿಲ್ಲ. ಹೊಸಬರು ಬಂದು ಕೂರುವಂತಿಲ್ಲ. ಅಳತೆಯಂತೂ ಕೇಳಲೇಬೇಡಿ. ಮೊಳವೆಂದರೆ ಮಾರುವವಳ ಮೊಣಕೈಯಿಂದ ಬೆರಳ ತುದಿಯವರೆಗೆ, ಅಂದರೆ ದೇವರು ಕೊಟ್ಟ ಕೈ ಎಷ್ಟುದ್ದವೋ ಅಷ್ಟು. ಸಂಧ್ಯಾಳದು ಉದ್ದ ಕೈ. ಕಾಳಮ್ಮನದು ಗಿಡ್ಡ.

"ನಮ್ಮತ್ತೆ ಜಾಗ ಇದು. ಅವರದ್ದು ಉದ್ದ ಕೈ. ನಾನು ಬಂದು ಕೂತ ಮೇಲೆ ಗಿರಾಕಿಗಳು ಪಕ್ಕಕ್ಕೆ ಹೋಗೋಕೆ ಶುರು ಮಾಡಿದ್ರು ಸರ್. ಅದಕ್ಕೆ ನಾನು ಮೊಳ ಅಳೆದ ಮೇಲೆ ನಾಲ್ಕು ಬೆರಳು ಕೊಸರು ಬಿಡ್ತೀನಿ" ಎನ್ನುತ್ತಾರೆ ಕಾಳಮ್ಮ. ಅಂದರೆ ಸ್ಪರ್ಧೆ ಇದೆ! ಬೆಲೆಯಲ್ಲಿಲ್ಲ, ಮೇಲೆ ಬಿಡುವ ಕೊಸರಿನಲ್ಲಿದೆ. ನನ್ನ ತಲೆ ಕೆಟ್ಟು ಮೊಸರಾಗುತ್ತಿದೆ.

ಕಾಳಮ್ಮನಿಗೆ ಐವತ್ತೆಂಟು. ಮನೆ ಭದ್ರಾವತಿಯಲ್ಲಿ. ಗಂಡನ ಗುತ್ತಿಗೆ ಕೆಲಸ ನಿಂತು ಒಂಬತ್ತು ವರ್ಷವಾಗಿದೆ, ಮನೆ ನಡೆಯುವುದು ಈ ಬುಟ್ಟಿಯಿಂದಲೇ. ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬಂದು, ಹೂವಿನ ಮಂಡಿಯಲ್ಲಿ ಎರಡು ಕೆ.ಜಿ. ಮೊಗ್ಗು ಕೊಂಡು, ದಿನಕ್ಕೆ ಅರವತ್ತು ಮೊಳ ಕಟ್ಟುತ್ತಾರೆ. ಈಚೆಗೆ ಮಂಡಿನೋವು, ಮೆಟ್ಟಿಲ ಮೇಲೆ ಕೂತರೆ ಏಳಲಾಗುವುದಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ಆರ್ಡರ್ ತಗೊಂಡು ಮನೆಗೆ ಹೂ ಕಳಿಸುವ ಕಂಪನಿಯೊಂದು ಆಲ್ಕೊಳದ ತನ್ನ ಗೋಡೌನಿಗೆ ಕರೆಯಿತು. ಕುರ್ಚಿ, ಫ್ಯಾನು, ತಿಂಗಳ ಸಂಬಳ.

"ಅಲ್ಲಿ ಒಂದೂವರೆ ಅಡಿ ಮರದ ಪಟ್ಟಿ ಇದೆ. ಅದರಲ್ಲೇ ಅಳೀಬೇಕು. ಗಿಡ್ಡ ಕೈ, ಉದ್ದ ಕೈ ಎಲ್ಲ ಒಂದೇ. ನ್ಯಾಯವಾದ ಪಟ್ಟಿ ಸರ್ ಅದು, ಸುಳ್ಳು ಹೇಳಬಾರ್ದು."

ಆದರೆ ಕೈ ಕೇಳಬೇಕಲ್ಲ? ಪಟ್ಟಿಯಲ್ಲಿ ಅಳೆದ ಮೇಲೂ ಬೆರಳುಗಳು ತಮ್ಮ ಪಾಡಿಗೆ ನಾಲ್ಕು ಬೆರಳು ಮುಂದೆ ಹೋಗಿ ಗಂಟು ಹಾಕಿದವು. ಸೋಮವಾರ ಮೇಲ್ವಿಚಾರಕ ಸುದೀಪ್ ತಿಳಿಸಿ ಹೇಳಿದ. ಮಂಗಳವಾರವೂ ಅದೇ ಕಥೆ. ಹೆಚ್ಚಿದ್ದನ್ನು ಕತ್ತರಿಸಿದರೆ ಗಂಟು ಬಿಚ್ಚಿ ಹೂ ಉದುರುತ್ತದೆ. "ಅಮ್ಮ, ಗಿರಾಕಿ ದುಡ್ಡು ಕೊಟ್ಟಿರೋದು ಒಂದೂವರೆ ಅಡಿಗೆ. ನೀವು ಕಂಪನಿ ಹೂವನ್ನ ದಾನ ಮಾಡ್ತಿದ್ದೀರ" ಎಂದು ಒಂದು ಚೀಟಿ ಬರೆದುಕೊಟ್ಟು ಕೆಲಸದಿಂದ ಕಳಿಸಿದ.

ನಾನು ಪಕ್ಕಕ್ಕೆ ಸರಿದು ಮಧುಶ್ರೀಗೆ ಫೋನ್ ಮಾಡುತ್ತೇನೆ. ಆ ಕಂಪನಿಯಲ್ಲಿ ಒಂದು ಮೊಳ ಮಲ್ಲಿಗೆಗೆ ಎಷ್ಟು ತೋರಿಸುತ್ತಿದೆ ನೋಡು ಎನ್ನುತ್ತೇನೆ. ಅವಳ ಫೋನಿನಲ್ಲಿ ನಲವತ್ತೆರಡು, ನನ್ನದರಲ್ಲಿ ಮೂವತ್ತೆಂಟು. ಹೂ ಅದೇ, ಹೊತ್ತೂ ಅದೇ. ಅಲ್ಲಿ ಅಳತೆ ಪುಸ್ತಕದಲ್ಲಿದ್ದಂತೆಯೇ ಇದೆ, ಬೆಲೆ ಮಾತ್ರ ಯಾರ ಕೈಲಿದೆಯೋ ಗೊತ್ತಿಲ್ಲ. ಇಲ್ಲಿ ಬೆಲೆ ಬೀದಿಗೆಲ್ಲ ಗೊತ್ತು, ಅಳತೆ ಮಾತ್ರ ಅವರವರ ಕೈಯಷ್ಟು.

"ಹಾಗಾದ್ರೆ ಆದರ್ಶಕ್ಕೆ ಹತ್ತಿರ ಇರೋದು ಯಾವುದೇ?"

"ಇರಿ ಮಾಮ, ಯೋಚನೆ ಮಾಡ್ಬೇಕು" ಎನ್ನುತ್ತಾಳೆ. ಜಗಳದಲ್ಲಿ ನಾನು ಗೆದ್ದೆನೋ ಸೋತೆನೋ ನನಗೂ ತಿಳಿಯುತ್ತಿಲ್ಲ.

ಅಷ್ಟರಲ್ಲಿ ಕಾಳಮ್ಮ ಸೊಂಟದ ಚೀಲದಿಂದ ಆ ಚೀಟಿ ತೆಗೆದು ಸಂಧ್ಯಾಳಿಗೆ ಚಾಚುತ್ತಾರೆ. "ನಾನು ಕಂಪನಿಯೋಳಾ, ಇಲ್ಲಿಯೋಳಾ, ಓದಿ ನೀನೇ ಹೇಳು."

ಸಂಧ್ಯಾ ಓದುತ್ತಾಳೆ: "ಪರೀಕ್ಷಿಸಿದ್ದು ನಲವತ್ತು. ಅಳತೆ ತಪ್ಪಿದ್ದು ನಲವತ್ತು. ನಾಲ್ಕು ಬೆರಳು ಹೆಚ್ಚು." ಓದಿದವಳೇ ಬಿದ್ದೂಬಿದ್ದೂ ನಗುತ್ತಾಳೆ. "ಅಯ್ಯೋ ಕಾಳಕ್ಕ, ಅಲ್ಲೂ ಕೊಸರು ಬಿಟ್ರಾ!" ಇಡೀ ಸಾಲು ನಗುತ್ತದೆ. ನಗುತ್ತಲೇ ಸಂಧ್ಯಾ ಬುಟ್ಟಿ ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಾಳೆ.

ಕಾಳಮ್ಮ ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂರುತ್ತಾರೆ. ಕೂತ ಮೇಲೆ ತಾವು ಹಾಸಿಕೊಂಡ ಗೋಣಿಚೀಲವನ್ನು ಒಂದು ಗೇಣು ಒಳಕ್ಕೆ ಎಳೆದುಕೊಂಡು, "ಎರಡು ದಿನ ಕಾದಿದ್ದೀಯಲ್ಲ, ಇಷ್ಟು ನಿಂಗಿರ್ಲಿ" ಎಂದು ಸಂಧ್ಯಾಳಿಗೆ ಜಾಗ ಬಿಡುತ್ತಾರೆ.

ಪೇಪರಿನಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ. ಅವರು ಚೀಟಿಯನ್ನು ಮಡಚಿ ಚೀಲಕ್ಕೆ ಸೇರಿಸಿಕೊಳ್ಳುತ್ತಾರೆ.

"ನಲವತ್ತಕ್ಕೆ ನಲವತ್ತೂ ತಪ್ಪು ಅಂತ್ಲೇ ಬರೀರಿ ಸರ್. ಆದ್ರೆ ಒಂದೂ ಕಮ್ಮಿ ಇರ್ಲಿಲ್ಲ ಅಂತ್ಲೂ ಬರೀರಿ."